ಉಜ್ಜಿದ ನಾಲಿಗೆ

ಮಾರ್ಚ್ 3, ಸೋಮವಾರ

ಎಡಗಡೆಯ ಅಂಡಾಶಯದಲ್ಲಿ ಗಂಟು. ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು ಎಂದರು ಆಸ್ಪತ್ರೆಯ ಡಾಕ್ಟರು. ಹೆಂಗಸರ ಹೊಟ್ಟೆಯೊಳಗೆ ಏನೇ ಬೆಳೆದರೂ ಇವರಿಗೆ ಹಣ್ಣಿನ ಅಂಗಡಿಯೇ ಯಾಕೆ ನೆನಪಾಗುತ್ತದೋ! ನೀರು ತುಂಬಿದ ಚೀಲದಂಥದ್ದಂತೆ. ಕ್ಯಾನ್ಸರಿನ ಹಾಗೆ ಕಾಣುವುದಿಲ್ಲ, ರಕ್ತಪರೀಕ್ಷೆಯೂ ಸರಿಯಿದೆ. ಆರು ವಾರ ಬಿಟ್ಟು, ಏಪ್ರಿಲ್ ಹದಿನಾಲ್ಕಕ್ಕೆ, ಇನ್ನೊಂದು ಸ್ಕ್ಯಾನ್. ಅಷ್ಟರಲ್ಲಿ ತಾನಾಗಿ ಕರಗಿದರೆ ಸರಿ. ಇಲ್ಲದಿದ್ದರೆ ಸಣ್ಣ ತೂತು ಮಾಡಿ ಗಂಟನ್ನಷ್ಟೇ ತೆಗೆದು ಅಂಡಾಶಯವನ್ನು ಉಳಿಸುತ್ತಾರಂತೆ.

"ಉಳಿಸ್ತೀವಿ ಅಂತ ಬರ್ಕೊಡ್ತೀರಾ?" ಎಂದೆ.

"ಪ್ರಯತ್ನ ಪಡ್ತೀವಿ ಅಂತ ಹೇಳಬಹುದು, ಅಷ್ಟೇ. ಒಂದು ವಿಷಯ ನೆನಪಿಟ್ಕೊಳ್ಳಿ. ಇದ್ದಕ್ಕಿದ್ದಂಗೆ ಜೋರು ನೋವು ಬಂದು ವಾಂತಿ ಆಯ್ತು ಅಂದ್ರೆ ಯಾರನ್ನೂ ಕೇಳ್ತಾ ಕೂರಬೇಡಿ, ಸೀದಾ ಇಲ್ಲಿಗೆ ಬನ್ನಿ. ಗಂಟಿನ ಭಾರಕ್ಕೆ ಅಂಡಾಶಯ ತಿರುಚ್ಕೊಳ್ಳೋದುಂಟು."

ಚಿಕ್ಕಮ್ಮನಿಗೂ ಪ್ರಯತ್ನದ ಮಾತನ್ನೇ ಹೇಳಿದ್ದರು. ಸಣ್ಣ ಗಂಟು ಎಂದು ಒಳಗೆ ಹೋದವಳು ಎರಡನ್ನೂ ಕಳೆದುಕೊಂಡು ಈಚೆ ಬಂದಳು. ನನಗೆ ಮೂವತ್ತಾರು. ಮಗುವಿಗಾಗಿ ನಾಲ್ಕು ವರ್ಷದಿಂದ ಕಾಯುತ್ತಿದ್ದೇವೆ. ಇರುವ ಎರಡರಲ್ಲಿ ಒಂದನ್ನೂ ಯಾರ ಪ್ರಯತ್ನಕ್ಕೂ ಬಿಟ್ಟುಕೊಡುವವಳಲ್ಲ ನಾನು.

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಲಿಫ್ಟ್ ರಿಪೇರಿ ಕೆಲಸ ಮುಗಿಸಿ ಬಂದು ಗ್ರೀಸ್ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದರು. "ಬಾಡಿಗೆ ಕೊಡದೆ ಒಳಗೆ ಕೂತಿದಾನೆ ಅನ್ನು. ಖಾಲಿ ಮಾಡಿಸೋಣ ಬಿಡೆ" ಎಂದು ನಕ್ಕರು. ಆಮೇಲೆ ಬಚ್ಚಲಿಗೆ ಹೋದವರು ಎಷ್ಟು ಹೊತ್ತಾದರೂ ಈಚೆಗೆ ಬರಲಿಲ್ಲ. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು.

ಮಾರ್ಚ್ 8, ಶನಿವಾರ

ನಮ್ಮ ಕಂಪನಿಯ ಪ್ಯಾಕಿಂಗ್ ವಿಭಾಗದ ಅಕ್ಕ ಹೇಳಿದ ಚೀನೀ ಪದ್ಧತಿಯ ವೈದ್ಯರಲ್ಲಿಗೆ ಹೋಗಿದ್ದೆ. ಸೈಕಲ್ ಅಂಗಡಿಯ ಮೇಲೆ ಎರಡನೇ ಮಹಡಿ. ಗೋಡೆಯುದ್ದಕ್ಕೂ ಮರದ ಸಣ್ಣ ಸಣ್ಣ ಖಾನೆಗಳು, ಒಂದೊಂದರಿಂದ ಒಂದೊಂದು ವಾಸನೆ. ಬಾಗಿಲಲ್ಲೇ ಮೂಗರಳಿಸಿ ನಿಂತುಬಿಟ್ಟೆ. ಹನ್ನೆರಡು ವರ್ಷ ಚಹಾ ಕಂಪನಿಯಲ್ಲಿ ರುಚಿ ನೋಡುತ್ತಿರುವವಳು ನಾನು, ಅಲ್ಲಿನ ಅರ್ಧ ವಾಸನೆಗೂ ನನ್ನಲ್ಲಿ ಹೆಸರಿರಲಿಲ್ಲ. ಸ್ವಲ್ಪ ಅವಮಾನವೇ ಆಯಿತು.

ವೈದ್ಯರು ಐವತ್ತು ದಾಟಿದ ಹೆಂಗಸು. ಕತ್ತರಿಸಿದ ಕೂದಲು, ಕಡಿಮೆ ಮಾತು. ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ನಾಡಿ ಡಾಕ್ಟರು ಎಂದು ಆಗಲೇ ಹೆಸರಿಟ್ಟೆ. ಆಮೇಲೆ ನಾಲಿಗೆ ಚಾಚಿ ಎಂದರು. ನನ್ನ ನಾಲಿಗೆಗೆ ಊರೆಲ್ಲ ಮರ್ಯಾದೆ ಕೊಡುತ್ತದೆ, ಹೆಮ್ಮೆಯಿಂದ ಚಾಚಿದೆ.

"ಉಜ್ಕೊಂಡು ಬಂದಿದೀರಲ್ಲ?" ಎಂದರು.

ಉಜ್ಜದೆ? ರುಚಿ ನೋಡುವವರು ದಿನಕ್ಕೆ ನಾಲ್ಕು ಸಲ ನಾಲಿಗೆ ಉಜ್ಜುತ್ತೇವೆ. ನಿನ್ನೆಯ ಚಹಾ ಇವತ್ತಿನ ಚಹಾಕ್ಕೆ ಅಂಟಬಾರದು.

"ಮುಂದಿನ ಸಲ ಉಜ್ಜಬೇಡಿ. ಮೇಲೆ ಕೂತಿರೋ ಪದರ ನೋಡಿನೇ ನಾನು ಔಷಧಿ ಹೊಂದಿಸೋದು. ನೀವು ಅದನ್ನ ಒರೆಸಿ ಬಂದ್ರೆ ನನಗೆ ಕಣ್ಣು ಕಟ್ಟಿದಂಗೆ."

ಆಸ್ಪತ್ರೆಯವರು ಏನೆಂದರೆಂದು ಕೇಳಿದರು. ಹೇಳಿದೆ. ಅವರು ಬರೆಯುತ್ತಿದ್ದ ಕಷಾಯದಿಂದ ಗಂಟು ಕರಗುತ್ತದಾ ಎಂದದ್ದಕ್ಕೆ ಪೆನ್ನು ಕೆಳಗಿಟ್ಟು ಮುಖ ನೋಡಿದರು.

"ಆ ಮಾತು ನಾನು ಕೊಡಲ್ಲ. ಮುಟ್ಟಿನ ನೋವು, ನಿದ್ದೆ, ಹೊಟ್ಟೆ ಉಬ್ಬರ, ಇದಕ್ಕೆಲ್ಲ ಸ್ವಲ್ಪ ಆಸರೆ ಆಗಬಹುದು. ಗಂಟಿನ ವಿಷಯ ಅವರ ಕೈಲೇ ಇರಲಿ. ಹದಿನಾಲ್ಕನೇ ತಾರೀಖು ತಪ್ಪಿಸಬೇಡಿ."

ಆ ಮಾತು ಕೊಡಲ್ಲ ಎಂದರೆ ಆಗುವುದಿಲ್ಲ ಎಂದೇನಲ್ಲವಲ್ಲ. ಒಳ್ಳೆಯ ವೈದ್ಯರು ಬಡಾಯಿ ಕೊಚ್ಚುವುದಿಲ್ಲ.

ಮಾರ್ಚ್ 9, ಭಾನುವಾರ

ಕಷಾಯ ಕುದಿಸಿದೆ. ಬೇರು, ತೊಗಟೆ, ಒಣಗಿದ ಅಣಬೆಯಂಥದ್ದೊಂದು. ಇವರು ಮನೆಯ ಕಿಟಕಿಗಳನ್ನೆಲ್ಲ ತೆರೆದು, "ಅದನ್ನ ಕುಡಿದ್ರೆ ಗಂಟೇನು, ನೀನೇ ಓಡಿಹೋಗ್ತೀಯ" ಎಂದರು.

ಮೊದಲ ಗುಟುಕನ್ನು ಚಹಾ ರುಚಿ ನೋಡುವ ಅಭ್ಯಾಸಬಲದಿಂದ ಸೊರ್ರೆಂದು ಎಳೆದು, ಬಾಯೊಳಗೆ ಹೊರಳಿಸಿ, ಸಿಂಕಿಗೆ ಉಗುಳಿಬಿಟ್ಟೆ! ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುವಾಗ ಎಡಗಡೆ ಚುಚ್ಚಿತು. ಹೇಳಲಿಲ್ಲ. ನಗು ನಿಂತುಹೋಗುತ್ತಿತ್ತು.

ಮಾರ್ಚ್ 15, ಶನಿವಾರ

ಉಜ್ಜದೆ ಹೋಗಬೇಕೆಂದೇ ಇದ್ದೆ. ಬೆಳಿಗ್ಗೆ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆ. ದಪ್ಪಗೆ, ಬೆಳ್ಳಗೆ, ಅಂಚಿನಲ್ಲಿ ಹಲ್ಲಿನ ಗುರುತು. ಇದನ್ನು ಇನ್ನೊಬ್ಬರ ಮುಖದ ಮುಂದೆ ಚಾಚುವುದೆ? ನನ್ನಿಂದಾಗಲಿಲ್ಲ. ಸ್ವಲ್ಪವೇ ಸ್ವಲ್ಪ ಉಜ್ಜಿದೆ. ಅರ್ಧಂಬರ್ಧ ಇನ್ನೂ ಅಸಹ್ಯವೆನಿಸಿ ಪೂರ್ತಿ ಉಜ್ಜಿದೆ.

"ಉಜ್ಜಿಲ್ಲ ತಾನೇ?"

"ಇಲ್ಲ."

"ಪದರ ಕಮ್ಮಿ ಆಗಿದೆ. ಒಳ್ಳೇದು" ಎಂದು ಬರೆದುಕೊಂಡರು. ಕಿವಿಯ ಹಿಂದೆ, ಪಾದದ ಮೇಲೆ ಸೂಜಿ ಚುಚ್ಚಿ ಮಲಗಿಸಿದರು. ಅಲ್ಲೇ ನಿದ್ದೆ ಹೋದೆ. ಎಷ್ಟೋ ದಿನದ ಮೇಲೆ ಅಂಥ ನಿದ್ದೆ.

ಮಾರ್ಚ್ 22, ಶನಿವಾರ

ಮುಟ್ಟು ಬಂದು ಹೋಯಿತು. ಈ ಸಲ ನೋವು ಕಮ್ಮಿ, ನಿಜವಾಗಿಯೂ ಕಮ್ಮಿ. ಮಾತ್ರೆ ಮುಟ್ಟಲಿಲ್ಲ. ನಾಲಿಗೆಯೂ ಚೆನ್ನಾಗಿದೆ ಎಂದರು ನಾಡಿ ಡಾಕ್ಟರು. ಮೆಟ್ಟಿಲನ್ನು ಹಾರಿಕೊಂಡು ಇಳಿಯುವಷ್ಟು ಖುಷಿ.

ಮಾರ್ಚ್ 27, ಗುರುವಾರ

ನಾವು ರುಚಿ ನೋಡುವ ಕೋಣೆಯ ಹಿರಿಯರು, ಮೂಗಿನ ಗಾತ್ರಕ್ಕೂ ಗುಣಕ್ಕೂ ಎಲ್ಲರ ಬಾಯಲ್ಲಿ ಮೂಗಯ್ಯ, ಇವತ್ತು ನನ್ನ ಹಿಂದೆ ಒಂದು ಸ್ಟೂಲು ತಂದಿಟ್ಟರು. ಬಟ್ಟಲುಗಳ ಸಾಲಿನ ಮುಂದೆ ಕೂತು ರುಚಿ ನೋಡುವವರನ್ನು ನಾನೇ ಆಡಿಕೊಳ್ಳುತ್ತಿದ್ದೆ.

"ಯಾಕ್ ಸಾರ್ ಇದು?"

"ನಿಂತ್ಕೊಂಡು ಮೇಜನ್ನ ಆ ಪಾಟಿ ಹಿಡ್ಕೊಂಡಿದ್ರೆ ಮೇಜು ಅಳುತ್ತಮ್ಮಾ."

ಕೂತು ನೋಡಿದೆ. ಆರಾಮವಾಗಿಯೇ ಇದೆ. ಮೊದಲೇ ಕೂರಬಹುದಿತ್ತು. ಪ್ಯಾಂಟಿನ ಗುಂಡಿ ಬಿಚ್ಚಿಕೊಂಡೆ, ಮೇಲಂಗಿ ಮುಚ್ಚುತ್ತದೆ. ದಿನವಿಡೀ ಚಹಾ ಬಾಯಿಗೆ ಹಾಕಿದರೆ ಯಾರ ಹೊಟ್ಟೆಯಾದರೂ ಉಬ್ಬುತ್ತದೆ.

ಏಪ್ರಿಲ್ 5, ಶನಿವಾರ

ನಾಡಿ ಡಾಕ್ಟರು ಇವತ್ತು ಬೆರಳಿಟ್ಟವರು ತೆಗೆಯಲೇ ಇಲ್ಲ.

"ನಾಡಿ ಒಂದು ಹೇಳ್ತಿದೆ, ನಾಲಿಗೆ ಇನ್ನೊಂದು ಹೇಳ್ತಿದೆ. ನೋವಿದೆಯಾ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಇದೆಯಾ, ಇಲ್ವಾ?"

"ಇಲ್ಲ."

ಬಸ್ಸಿನಲ್ಲಿ ಗುಂಡಿ ಬಂದಾಗ ಹಿಡಿದುಕೊಳ್ಳುತ್ತದೆ. ಆ ರಸ್ತೆಯಲ್ಲಿ ಯಾರಿಗೆ ಹಿಡಿದುಕೊಳ್ಳುವುದಿಲ್ಲ! ನಾಲಿಗೆ ಚೆನ್ನಾಗಿದೆ ಎಂದು ಅವರೇ ಮೂರು ಸಲ ಹೇಳಿದ್ದಾರೆ. ಅವರ ಶಾಸ್ತ್ರದಲ್ಲಿ ನಾಲಿಗೆಯೇ ಒಳಗಿನ ಕನ್ನಡಿ.

ಇದನ್ನು ಬರೆಯುವಾಗ ನನಗೇ ನಗು ಬಂತು. ಕನ್ನಡಿಯನ್ನು ಒರೆಸುತ್ತಿರುವವಳು ನಾನೇ ಅಲ್ಲವೆ? ಇರಲಿ. ಒರೆಸಿದರೆ ಹೋಗುವಂಥದ್ದಾದರೆ ಅದೇನು ಮಹಾ ರೋಗ.

ಏಪ್ರಿಲ್ 14, ಸೋಮವಾರ

ಬಸ್ಸು ಆಸ್ಪತ್ರೆಯ ಮುಂದೆ ನಿಂತಿತು. ನಾನು ಇಳಿಯಲಿಲ್ಲ.

ಇಳಿಯುವವಳೇ ಇದ್ದೆ. ಕಂಬಿ ಹಿಡಿದು ಎದ್ದಿದ್ದೆ. ಕಿಟಕಿಯಲ್ಲಿ ಆಸ್ಪತ್ರೆಯ ಬಾಗಿಲು ಕಂಡಿತು, ಗಾಲಿಕುರ್ಚಿಯಲ್ಲಿ ಒಬ್ಬಳನ್ನು ಈಚೆಗೆ ತರುತ್ತಿದ್ದರು, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕಮ್ಮ ಹಾಗೆಯೇ ಬಂದಿದ್ದಳು. ಕೂತುಬಿಟ್ಟೆ. ಕೊನೆಯ ನಿಲ್ದಾಣದವರೆಗೂ ಹೋಗಿ ಅದೇ ಬಸ್ಸಿನಲ್ಲಿ ಹಿಂದೆ ಬಂದೆ.

ಇವರು ಕೆಲಸದ ಮಧ್ಯೆ ಫೋನ್ ಮಾಡಿದರು. "ಏನಂದ್ರು?"

"ಸ್ಕ್ಯಾನ್ ಮಾಡಿಸ್ಲಿಲ್ಲ ರೀ. ನಾಡಿ ಡಾಕ್ಟ್ರು ಈಗಲೇ ಬೇಡ ಅಂದಿದಾರೆ. ಔಷಧಿ ಹಿಡೀತಿದೆಯಂತೆ, ಮಧ್ಯದಲ್ಲಿ ಕೆದಕಬಾರದಂತೆ."

"ಅವರೇ ಹಾಗಂದ್ರಾ?"

"ಹೂಂ."

ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಇನ್ನೊಂದು ತಿಂಗಳು ಕಷಾಯ ಕುಡಿದು ಆಮೇಲೆ ಹೋದರೆ ಕರಗಿದ್ದೇ ಕಾಣುತ್ತದೆ, ಆಗ ಯಾವ ಸುಳ್ಳೂ ಲೆಕ್ಕಕ್ಕೆ ಬರುವುದಿಲ್ಲ.

ಏಪ್ರಿಲ್ 19, ಶನಿವಾರ

ಕೂರುವ ಮೊದಲೇ ನಾಡಿ ಡಾಕ್ಟರು ಕೇಳಿದರು. "ಸ್ಕ್ಯಾನಲ್ಲಿ ಏನು ಬಂತು?"

"ಚಿಕ್ಕದಾಗಿದೆಯಂತೆ."

ಅವರು ನಕ್ಕರು. ಇಷ್ಟು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು, ಹಲ್ಲಿನ ಸಂದಿಯೆಲ್ಲ ಕಾಣುವ ಹಾಗೆ. ಎದ್ದು ಬಂದು ನನ್ನ ಭುಜ ತಟ್ಟಿದರು.

"ಮುಂದಿನ ವಾರ ಆ ಕಾಗದ ತನ್ನಿ. ಎಷ್ಟು ಇಳಿದಿದೆ ನೋಡಿ ಔಷಧಿ ಬದಲಾಯಿಸೋಣ."

"ತರ್ತೀನಿ."

ಏಪ್ರಿಲ್ 26, ಶನಿವಾರ

ಹೋಗಲಿಲ್ಲ. ನೆಗಡಿ ಎಂದು ಫೋನಿನಲ್ಲಿ ಹೇಳಿದೆ. "ಬಿಸಿನೀರು ಕುಡೀರಿ, ಈಗಿರೋ ಔಷಧಿ ನಿಲ್ಲಿಸಿ, ನೆಗಡಿ ಹೋದ್ಮೇಲೆ ಬನ್ನಿ" ಎಂದರು. ಇಲ್ಲದ ನೆಗಡಿಗೂ ಕಾಳಜಿ.

ಇವರ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ. ಟವೆಲ್ ಒದ್ದೆಯಾಗಿತ್ತು ಎಂದು.

ಏಪ್ರಿಲ್ 29, ಮಂಗಳವಾರ

ಎಡಗಡೆ.

ಮೇ 2, ಶುಕ್ರವಾರ

ಆಸ್ಪತ್ರೆ. ಇವರು ಮನೆಯಿಂದ ಬಟ್ಟೆಯ ಜೊತೆ ಈ ಪುಸ್ತಕವನ್ನೂ ತಂದಿದ್ದಾರೆ. ತೆರೆದು ನೋಡುವವರಲ್ಲ.

ಮಂಗಳವಾರ ಸಂಜೆ ಬರೆಯಲು ಕೂತಿದ್ದೆ, ಒಂದು ಪದ ಬರೆಯುವಷ್ಟರಲ್ಲಿ ಪೆನ್ನು ಕೆಳಗೆ ಬಿತ್ತು. ಯಾರೋ ಒಳಗೆ ಕೈ ಹಾಕಿ ಬಟ್ಟೆ ಹಿಂಡಿದ ಹಾಗೆ. ವಾಂತಿ ಮೇಲೆ ವಾಂತಿ. ಇವರು ನನ್ನನ್ನು ಎತ್ತಿಕೊಂಡೇ ಮೆಟ್ಟಿಲಿಳಿದರು. ಜಗತ್ತಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವರ ಮನೆಗೆ ಲಿಫ್ಟಿಲ್ಲ.

ಗಂಟು ದೊಡ್ಡದಾಗಿತ್ತು. ಅದರ ಭಾರಕ್ಕೆ ಅಂಡಾಶಯ ತಿರುಚಿಕೊಂಡು ರಕ್ತ ನಿಂತುಹೋಗಿ ಕಪ್ಪಗಾಗಿತ್ತಂತೆ. ಎಡಗಡೆಯದನ್ನು ತೆಗೆದುಬಿಟ್ಟರು. ಬಲಗಡೆಯದು ಚೆನ್ನಾಗಿದೆ, ಒಂದಿದ್ದರೂ ಮಗುವಾಗಬಹುದು, ಧೈರ್ಯವಾಗಿರಿ ಎಂದರು ಡಾಕ್ಟರು.

ಇವರು ನೀರು ತರಲು ಹೋದಾಗ ಕೇಳಿದೆ. "ಹದಿನಾಲ್ಕಕ್ಕೇ ಬಂದಿದ್ರೆ?"

ಅವರು ಹಾಸಿಗೆಯ ತುದಿಯಲ್ಲಿ ಕೂತರು. "ಬಹುಶಃ ಉಳೀತಿತ್ತು. ಖಂಡಿತ ಅಂತ ಯಾರೂ ಹೇಳೋಕಾಗಲ್ಲ."

ಬಹುಶಃ. ಅದು ಎಲ್ಲರಿಗಿಂತ ಹೆಚ್ಚು ಬೇಕೆಂದವಳೂ ನಾನೇ, ಕಳೆದುಕೊಂಡವಳೂ ನಾನೇ. ಅಳು ಬಂದರೆ ಹೊಲಿಗೆ ಎಳೆಯುತ್ತದೆ, ಆದರೂ ಅತ್ತೆ.

ಮೇ 4, ಭಾನುವಾರ

ಇವರು ನಿನ್ನೆ ಸೈಕಲ್ ಅಂಗಡಿಯ ಮೇಲಕ್ಕೆ ಹೋಗಿದ್ದರಂತೆ. ನನಗೆ ಹೇಳದೆ.

"ಬಾಯಿಗೆ ಬಂದಂಗೆ ಬೈದು ಬಂದೆ" ಎಂದರು. "ಹತ್ತು ಜನ ಕೂತಿದ್ರು, ಅವರ ಮುಂದೇನೇ. ಸ್ಕ್ಯಾನ್ ಬೇಡ ಅಂತ ಹೇಳೋಕೆ ನೀನ್ಯಾವಳು, ನನ್ನ ಹೆಂಡ್ತಿ ಹೊಟ್ಟೆ ಕೊಯ್ಸಿದೆ ಅಂತ ಕೂಗಿದೆ."

"ಅವರೇನಂದ್ರು?"

"ಏನಂತಾಳೆ? ಈಗ ಹೇಗಿದಾರೆ ಅಂದಳು, ಅಷ್ಟೇ. ತಪ್ಪು ಮಾಡಿದೋರಿಗೆ ಬಾಯಿ ಎಲ್ಲಿರುತ್ತೆ. ಕಾದಿದ್ದೋರಲ್ಲಿ ಇಬ್ಬರು ಎದ್ದು ಹೋದ್ರು."

ಇವರು ಅಷ್ಟಕ್ಕೇ ಬಿಡುವುದಿಲ್ಲವಂತೆ. ವೈದ್ಯರ ಮೇಲೆ ದೂರು ಕೊಡುವ ಕಚೇರಿ ಎಲ್ಲಿದೆ ಎಂದು ವಿಚಾರಿಸಿಕೊಂಡು ಬಂದಿದ್ದಾರೆ. ಆ ಅಂಗಡಿ ಮುಚ್ಚಿಸಿಯೇ ತೀರುತ್ತಾರಂತೆ. ನಾನು ಗೋಡೆಯ ಕಡೆಗೆ ಹೊರಳಿದೆ. ನೋವೆಂದುಕೊಂಡು ಇವರು ನರ್ಸನ್ನು ಕರೆದರು.

ಮೇ 5, ಸೋಮವಾರ

ಹೇಳಲಿಲ್ಲ.

ಮೇ 6, ಮಂಗಳವಾರ

ಮನೆ. ನನ್ನ ದಿಂಬಿನ ಪಕ್ಕ ಮಾತ್ರೆಗಳನ್ನು ಸಾಲಾಗಿ ಜೋಡಿಸಿದ್ದಾರೆ. ಮೂಗಯ್ಯ ಫೋನ್ ಮಾಡಿ, ನೀನು ಬರುವ ತನಕ ನಿನ್ನ ಬಟ್ಟಲುಗಳನ್ನು ಯಾರಿಗೂ ಮುಟ್ಟಗೊಡುವುದಿಲ್ಲ ಎಂದರು. ಎಲ್ಲರೂ ಇಷ್ಟು ಒಳ್ಳೆಯವರಾಗಿಬಿಟ್ಟರೆ ಕಷ್ಟ.

ಮಧ್ಯಾಹ್ನ ಇವರು ಬಟ್ಟೆ ಹಾಕಿಕೊಂಡು ಹೊರಟರು. ಎಲ್ಲಿಗೆಂದೆ. ದೂರು ಕೊಡುವುದಕ್ಕೆ ಎಂದರು. ಚಪ್ಪಲಿ ಹಾಕಿಕೊಳ್ಳುತ್ತಿದ್ದವರನ್ನು ಕೂಗಿದೆ.

"ಅವರು ಹಾಗೆ ಹೇಳಿಲ್ಲ ರೀ."

"ಯಾರು?"

"ನಾಡಿ ಡಾಕ್ಟ್ರು. ತಪ್ಪಿಸಬೇಡಿ ಅಂತಾನೇ ಅಂದಿದ್ರು. ನಾನೇ ಹೋಗ್ಲಿಲ್ಲ. ನಿಮಗೆ ಅವರ ಹೆಸರು ಹೇಳಿದೆ. ಅವರಿಗೆ ಸ್ಕ್ಯಾನ್ ಆಯ್ತು, ಚಿಕ್ಕದಾಗಿದೆ ಅಂದೆ. ನೋವಿತ್ತು, ಇಲ್ಲ ಅಂದೆ. ನಾಲಿಗೆ ಉಜ್ಜಬೇಡಿ ಅಂದ್ರೆ ಪ್ರತೀಸಲ ಉಜ್ಜಿಕೊಂಡು ಹೋದೆ."

ಒಂದು ಚಪ್ಪಲಿ ಹಾಕಿಕೊಂಡು ಹಾಗೆಯೇ ನಿಂತಿದ್ದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆಯಮ್ಮನ ಮುಖದ ಮುಂದೆ ಬೆರಳು ತೋರಿಸಿ ಮಾತಾಡಿದೆನಲ್ಲೇ ನಾನು" ಎಂದರು, ಅಷ್ಟೇ. ಇನ್ನೊಂದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಕತ್ತಲಾದ ಮೇಲೆ ಬಂದರು. ಅಡುಗೆ ಮಾಡಿದರು, ನನಗೆ ಬಡಿಸಿದರು.

ಮೇ 8, ಗುರುವಾರ

ಮಾತಿಲ್ಲ. ಮಾತ್ರೆಯ ಹೊತ್ತಿಗೆ ಸರಿಯಾಗಿ ನೀರಿನ ಲೋಟ ಬರುತ್ತದೆ. ಲೋಟವನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ, ಕೈಗೆ ಕೊಡುವುದಿಲ್ಲ.

ಮೇ 17, ಶನಿವಾರ

"ಹೊರಡು" ಎಂದರು ಬೆಳಿಗ್ಗೆ. ಎಲ್ಲಿಗೆಂದು ಕೇಳಬೇಕಾಗಿರಲಿಲ್ಲ.

ಎರಡು ಮಹಡಿ ಹತ್ತಲು ಬಹಳ ಹೊತ್ತು ಹಿಡಿಯಿತು. ಹೊರಗಿನ ಕೋಣೆಯಲ್ಲಿ ನಾಲ್ಕೈದು ಜನ ಕಾದಿದ್ದರು. ನಾಡಿ ಡಾಕ್ಟರು ಬಾಗಿಲಿಗೆ ಬಂದು ಇವರನ್ನು ನೋಡಿ ನಿಂತರು. ಇವರು ಎದ್ದು, ಎಲ್ಲರಿಗೂ ಕೇಳುವ ಹಾಗೆ, "ಅವತ್ತು ನಾನಿಲ್ಲಿ ಕೂಗಾಡಿದೆ. ನಿಮ್ಮ ತಪ್ಪು ಏನೂ ಇರಲಿಲ್ಲ. ಕ್ಷಮಿಸಿ" ಎಂದರು. ನಾನೂ ಏಳಲು ಹೋದೆ. "ನೀವು ಕೂತ್ಕೊಳ್ಳಿ, ಹೊಲಿಗೆ ಹಸಿಯಿರುತ್ತೆ" ಎಂದರು ಅವರು. ನಮ್ಮ ಸರದಿ ಬರುವವರೆಗೆ ಕಾಯಿಸಿದರು. ಕಾಯಿಸಬೇಕಾದ್ದೇ.

ಒಳಗೆ ಉಜ್ಜಿದ ನಾಲಿಗೆಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಆಮೇಲೆ ಇವರೇ ಕೇಳಿದರು. "ಅವತ್ತು ಯಾಕಮ್ಮಾ ಏನೂ ಹೇಳ್ಲಿಲ್ಲ? ನಾನು ಹಾಗೆ ಹೇಳೇ ಇಲ್ಲ ಅನ್ನಬಹುದಿತ್ತಲ್ಲ."

"ರೋಗಿಗೂ ನನಗೂ ನಡೆದ ಮಾತನ್ನ ಮೂರನೆಯವರಿಗೆ ಹೇಳೋ ಹಕ್ಕು ನನಗಿಲ್ಲ. ಗಂಡನೇ ಆದ್ರೂ." ನನ್ನ ಕಡೆ ತಿರುಗಿದರು. ಕೋಪ ಬಂದಿತ್ತು, ಮುಚ್ಚಿಡಲಿಲ್ಲ. "ಆದ್ರೆ ನಿಮಗೆ ಹೇಳಬಹುದು. ಐದು ವಾರ ನಾನು ಇಲ್ಲದಿರೋ ಹೆಂಗಸಿಗೆ ಔಷಧಿ ಕೊಟ್ಟೆ. ನಾಡಿ ಬೇರೆ ಹೇಳ್ತಿದ್ರೂ ನಿಮ್ಮ ಮಾತನ್ನ ನಂಬಿದೆ. ಇದು ನನಗೂ ನಿದ್ದೆ ಕೆಡಿಸಿದೆ."

ನಾನು ತಲೆ ಎತ್ತಲಿಲ್ಲ. ತಪ್ಪಾಯಿತು ಎಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಆಸ್ಪತ್ರೆಯ ಕಾಗದಗಳನ್ನು ಒಂದಕ್ಷರ ಬಿಡದೆ ಓದಿದರು. ಗಾಯ ಪೂರ್ತಿ ಮಾಯುವವರೆಗೆ ತಮ್ಮ ಕಡೆಯಿಂದ ಬೇರು ನಾರು ಏನೂ ಬೇಡ, ಅವರ ಮಾತ್ರೆ ಮಾತ್ರ ತೆಗೆದುಕೊಳ್ಳಿ ಎಂದರು. ಆಮೇಲೆ ಬೇಕಾದರೆ, ಅಲ್ಲಿನ ಡಾಕ್ಟರನ್ನು ಕೇಳಿ, ಅವರು ಒಪ್ಪಿದರೆ ಬರಬಹುದಂತೆ.

ಮೆಟ್ಟಿಲಿನ ತಿರುವಿನಲ್ಲಿ ಸುಧಾರಿಸಿಕೊಳ್ಳಲು ನಿಂತಾಗ ಇವರು ಹೇಳಿದರು. "ಇನ್ಮೇಲೆ ಯಾವ ಡಾಕ್ಟ್ರ ಹತ್ರಾನೂ ನೀನೊಬ್ಬಳೇ ಹೋಗೋದು ಬೇಡ. ನಾನೂ ಬರ್ತೀನಿ. ನಂಬಿಕೆ ಇಲ್ಲ ಅಂತ ಅಲ್ಲ..." ಸ್ವಲ್ಪ ಹೊತ್ತು ಕೆಳಗಿನ ಸೈಕಲ್‌ಗಳನ್ನೇ ನೋಡಿದರು. "ಅಲ್ಲ, ನಂಬಿಕೆ ಇಲ್ಲ ಅಂತಾನೇ."

ಹತ್ತು ದಿನದ ಮೇಲೆ ಇವರು ನನ್ನೊಡನೆ ಆಡಿದ ಉದ್ದನೆಯ ಮಾತು ಅದೇ. ಚುಚ್ಚಿತು. ಆದರೆ ಸರಿಯಾಗಿತ್ತು. ಆಯಿತು ಎಂದೆ.

ಮನೆಗೆ ಬಂದು ಮಲಗಿದ ಮೇಲೆ ಹೊಲಿಗೆಯ ಹತ್ತಿರ ನೋವು ಶುರುವಾಯಿತು. ಅಷ್ಟೇನೂ ಜೋರಿರಲಿಲ್ಲ. ಅಡುಗೆಮನೆಯಲ್ಲಿ ಇವರು ಪಾತ್ರೆ ತೊಳೆಯುತ್ತಿದ್ದರು. ರೀ, ನೋಯ್ತಿದೆ ಎಂದು ಕೂಗಿದೆ. ನಲ್ಲಿ ನಿಲ್ಲಿಸಿ ಒದ್ದೆ ಕೈಯಲ್ಲೇ ಬಂದರು.